ಗುಟಾಯ್: ಹರಿದ ಕಾಗದ, ಉರಿದ ದೀಪ

ಧಾರವಾಡದ ಕಲಾ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ: 'ಜಪಾನಿನ ಗುಟಾಯ್ ಕಲಾವಿದರ ಗುಂಪು ಅಮೆರಿಕದ ಹ್ಯಾಪನಿಂಗ್‌ಗಳ ಅನುಕರಣೆಯೇ? ಅವರ ಕಾಗದ ಹರಿಯುವ ಕೃತಿಯನ್ನೂ ದೀಪದ ಉಡುಪನ್ನೂ ನಾವು ಗೆಳತಿಯರು ಮತ್ತೆ ಮಾಡಬೇಕೆಂದಿದ್ದೇವೆ. ಏನು ಗಮನಿಸಬೇಕು?'

ಪ್ರಿಯ ಓದುಗರೇ,

ಅನುಕರಣೆಯ ಮಾತಿಗೆ ಇಸವಿಗಳೇ ಉತ್ತರ. ಹ್ಯಾಪನಿಂಗ್ ಎಂದರೆ ನೋಡುಗರ ಮುಂದೆಯೇ ನಡೆದು ಮುಗಿಯುವ ಕಲಾಘಟನೆ. ಅಮೆರಿಕದ ಕಲಾವಿದ ಅಲನ್ ಕಾಪ್ರೋ ನ್ಯೂಯಾರ್ಕಿನಲ್ಲಿ ತಮ್ಮ ಹೆಸರಾಂತ ಹ್ಯಾಪನಿಂಗ್ ನಡೆಸಿದ್ದು 1959ರಲ್ಲಿ. ಗುಟಾಯ್ ಹುಟ್ಟಿದ್ದು 1954ರಲ್ಲಿ, ಆಶಿಯಾ ಪಟ್ಟಣದಲ್ಲಿ. ಮರುವರ್ಷ ಅಕ್ಟೋಬರಿನಲ್ಲಿ ಟೋಕಿಯೊದ ಒಹಾರಾ ಕೈಕಾನ್‌ನಲ್ಲಿ ಗುಂಪಿನ ಮೊದಲ ಪ್ರದರ್ಶನ ನಡೆದಾಗ, ಕಜುವೊ ಶಿರಾಗ ಅಂಗಳದಲ್ಲಿ ಸುರಿದ ಸುಮಾರು ಒಂದು ಟನ್ ಕೆಸರಿನಲ್ಲಿ ಬಿದ್ದು ಹೊರಳಾಡಿದರು. ಕೆಸರಿಗೆ ಸಿಮೆಂಟೂ ಬೆರೆತಿದ್ದರಿಂದ ಮೈ ತರಚಿತು. ಅವರು ಎದ್ದು ಹೋದ ಮೇಲೆ ಉಳಿದ ಗುರುತುಗಳನ್ನೂ ಕೃತಿಯೆಂದೇ ಹಾಗೆಯೇ ಬಿಟ್ಟರು. ಶಿರಾಗರ ಮಟ್ಟಿಗೆ ಅದು ಮೈಯಿಂದ ಬರೆದ ಚಿತ್ರ. ನಾಟಕವೆಂದು ನೋಡಿದರೆ ಅರ್ಧ ತಪ್ಪಿಹೋಗುತ್ತದೆ.

ಆದರೆ ಈ ಗುಂಪು ಹದಿನೆಂಟು ವರ್ಷ ಬಾಳಿದ್ದು ಸಾಹಸದಿಂದಷ್ಟೇ ಅಲ್ಲ. ನಾಯಕ ಜಿರೋ ಯೋಶಿಹಾರಾ ಅವರದು ಅಡುಗೆ ಎಣ್ಣೆ ತಯಾರಿಸುವ ಮನೆತನ. ಹಣ ಅಲ್ಲಿಂದ ಬಂತು. ಯಾರೂ ಮಾಡದ್ದನ್ನು ಮಾಡಿ ಎನ್ನುತ್ತಿದ್ದವರೂ, ಯಾವ ಕೃತಿ ಇರಬೇಕು, ಯಾವುದು ಬೇಡ ಎಂದು ಆರಿಸುತ್ತಿದ್ದವರೂ ಅವರೇ. 1955ರಿಂದಲೇ ಗುಂಪಿಗೆ ಸ್ವಂತ ಪತ್ರಿಕೆಯಿತ್ತು. ಸದಸ್ಯ ಶೋಜೊ ಶಿಮಾಮೊಟೊ ಅದನ್ನು ಹೊರದೇಶಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು; 1956ರಲ್ಲಿ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ತೀರಿಕೊಂಡಾಗ ಅವರ ಪುಸ್ತಕಗಳ ನಡುವೆ ಅದರ ಸಂಚಿಕೆಗಳು ಸಿಕ್ಕವು. ನಾಳೆ ಯಾವ ಕುರುಹೂ ಉಳಿಯದ ಕೆಲಸಕ್ಕೆ ಅಚ್ಚಿನ ದಾಖಲೆಯೇ ಆಯುಷ್ಯ. ನೀವೂ ಛಾಯಾಚಿತ್ರ, ಅಳತೆ, ಸಾಮಗ್ರಿಗಳ ಪಟ್ಟಿಯನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ.

1957ರಲ್ಲಿ ಫ್ರೆಂಚ್ ವಿಮರ್ಶಕ ಮಿಶೆಲ್ ತಪಿಯೆ ಬಂದ ಮೇಲೆ ಗುಂಪಿನ ಒಲವು ಕ್ಯಾನ್ವಾಸಿನತ್ತ ವಾಲಿತು. ಕ್ಯಾನ್ವಾಸನ್ನು ಸುತ್ತಿ ಹಡಗಿಗೆ ಹಾಕಬಹುದು, ಮಾರಬಹುದು. ಕೆಸರಿನ ರಾಶಿಯನ್ನು ಆಗದು. ಗುಂಪು ಇದರಿಂದ ಪಡೆದದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. 1962ರಲ್ಲಿ ಒಸಾಕಾದ ಹಳೆಯ ಉಗ್ರಾಣಗಳಲ್ಲಿ ತೆರೆದ ಸ್ವಂತ ಗ್ಯಾಲರಿ 1970ರವರೆಗೆ ನಡೆಯಿತು. 1972ರ ಫೆಬ್ರವರಿಯಲ್ಲಿ ಯೋಶಿಹಾರಾ ತೀರಿಕೊಂಡರು. ಮಾರ್ಚಿನಲ್ಲಿ ಗುಂಪೂ ಚದುರಿತು.

ಈಗ ನಿಮ್ಮ ಕೆಲಸ. ಗುಂಪಿನ ಸಬುರೊ ಮುರಾಕಾಮಿ 1956ರಲ್ಲಿ ಸಾಲಾಗಿ ನಿಲ್ಲಿಸಿದ 21 ಚೌಕಟ್ಟುಗಳ 42 ಕಾಗದಗಳನ್ನು ಒಡೆದು ಸಾಗಿದರು. ಒಂದು ಚೌಕಟ್ಟಿಗೆ ಎರಡು ಬದಿಯಲ್ಲೂ ಕಾಗದ ಎಂಬುದನ್ನು ಮರೆಯಬೇಡಿ. ಪಾರ್ಸೆಲ್ ಸುತ್ತುವ ಕಂದು ಕಾಗದ ಸಾಕು, ಆದರೆ ಡೋಲಿನ ಚರ್ಮದಂತೆ ಬಿಗಿದಿರಬೇಕು. ಸಡಿಲವಾದರೆ ಮೈಗೆ ಅಂಟಿಕೊಂಡು ಬಾಗುತ್ತದೆ, ಸದ್ದೇ ಬರುವುದಿಲ್ಲ. ಮೊಳೆ ದೂರದೂರಕ್ಕೆ ಹೊಡೆದರೆ ನಡುವೆ ಹರಿಯುವ ಮೊದಲೇ ಅಂಚು ಕಿತ್ತುಬರುತ್ತದೆ. ಅಂಚಿಗೆ ಅಂಟು ಹಚ್ಚಿ, ಮೇಲೆ ಮರದ ಪಟ್ಟಿ ಬಡಿಯಿರಿ. ಚೌಕಟ್ಟಿನ ಬುಡಕ್ಕೆ ಎರಡೂ ಕಡೆ ಆನಿಕೆ ಕೊಡಿ, ಇಲ್ಲದಿದ್ದರೆ ಕಾಗದದ ಬದಲು ಚೌಕಟ್ಟೇ ಉರುಳುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಗುಂಪಿನ ಅತ್ಸುಕೊ ತನಾಕಾ ಅವರ 1956ರ ದೀಪದ ಉಡುಪಿನಲ್ಲಿ ಬಣ್ಣ ಬಳಿದ ಸುಮಾರು 200 ಬಲ್ಬು, ಟ್ಯೂಬುಗಳಿದ್ದವು. ತೂಕ 50 ಕಿಲೋ ಮೀರಿತ್ತು. ಬಿಸಿ, ಭಾರ, ಶಾಕ್ ಮೂರೂ ನಿಜವಾದ ಅಪಾಯಗಳು. ಮನೆಯ 230 ವೋಲ್ಟನ್ನು ಮೈಯ ಹತ್ತಿರ ತರಲೇಬೇಡಿ. 12 ವೋಲ್ಟಿನ ಎಲ್‌ಇಡಿ ಬಳಸಿ, ಅಡಾಪ್ಟರ್ ದೂರದಲ್ಲಿರಲಿ. 1 ವಾಟಿನ 100 ದೀಪಗಳಿಗೆ ಎಂಟು ಆಂಪಿಯರ್‌ಗೂ ಹೆಚ್ಚು ಬೇಕು. ಒಂದೇ ತೆಳು ವೈರಿನಲ್ಲಿ ಹರಿಸಿದರೆ ವೈರೇ ಕಾಯುತ್ತದೆ. ಇಪ್ಪತ್ತಿಪ್ಪತ್ತರಂತೆ ಐದು ಸಾಲು ಮಾಡಿ, ಪ್ರತಿ ಸಾಲಿಗೂ 3 ಆಂಪಿಯರ್ ಫ್ಯೂಸ್ ಹಾಕಿ. ಉಡುಪಿನ ಭಾರವನ್ನು ಮೇಲಿನ ತೊಲೆಯಿಂದ ಇಳಿಬಿಟ್ಟ ಹಗ್ಗ ಹೊರಲಿ, ಮುಖ್ಯ ಸ್ವಿಚ್ ಹೊರಗೆ ನಿಂತ ಗೆಳತಿಯ ಕೈಯಲ್ಲಿರಲಿ.

— ಸಂಪಾದಕರು