ನಡುರಸ್ತೆಯಲ್ಲಿ ಫೋನ್ ತಪಾಸಣೆ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಎಂಜಿನಿಯರಿಂಗ್ ಓದುತ್ತಿರುವ ತಮ್ಮ ಮಗನನ್ನು ಕಳೆದ ತಿಂಗಳು ರಾತ್ರಿ ವಾಹನ ತಪಾಸಣೆಯ ವೇಳೆ ಪೊಲೀಸರು ನಿಲ್ಲಿಸಿದರು, ಲೈಸೆನ್ಸು, ಆರ್‌ಸಿ ಎಲ್ಲ ಸರಿಯಿದ್ದರೂ ಫೋನಿನ ಲಾಕ್ ತೆಗೆಯಲು ಹೇಳಿದರು, ವಾಟ್ಸ್‌ಆ್ಯಪ್‌ನಲ್ಲಿ ಒಂದೆರಡು ಪದ ಹಾಕಿ ಹುಡುಕಿದರು, ಫೋಟೊಗಳನ್ನು ಸರಿಸಿ ಸರಿಸಿ ನೋಡಿದರು, ಏನೂ ಸಿಗದಿದ್ದಾಗ ಫೋನ್ ವಾಪಸ್ ಕೊಟ್ಟು ಕಳಿಸಿದರು ಎಂದು ಬರೆದಿದ್ದೀರಿ. ಹಾಗೆ ನೋಡುವ ಅಧಿಕಾರ ಅವರಿಗಿದೆಯೇ, ಹುಡುಗ ಒಲ್ಲೆ ಎನ್ನಬಹುದಿತ್ತೇ ಎಂಬುದು ತಮ್ಮ ಪ್ರಶ್ನೆ. ಜೊತೆಗೆ, 'ತಪ್ಪು ಮಾಡದವನಿಗೆ ಭಯವೇಕೆ' ಎಂದು ತಮ್ಮ ತಮ್ಮನವರು ಕೇಳಿದಾಗ ತಮಗೆ ಉತ್ತರ ಹೊಳೆಯಲಿಲ್ಲವೆಂದೂ ಬರೆದಿದ್ದೀರಿ. ಇದೇ ರೀತಿಯ ದೂರು ಹೊಸದೇನಲ್ಲ. 2021ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ಗಾಂಜಾ ಹುಡುಕುವ ಹೆಸರಿನಲ್ಲಿ ದಾರಿಹೋಕರ ಫೋನುಗಳನ್ನು ಪೊಲೀಸರು ತೆಗೆದು ನೋಡಿದ್ದು ದೇಶದಾದ್ಯಂತ ಚರ್ಚೆಯಾಗಿತ್ತು. ಆದ್ದರಿಂದ ತಮ್ಮ ಹೆಸರು, ಊರು ಬಿಟ್ಟು ಪತ್ರದ ಸಾರವನ್ನು ಪ್ರಕಟಿಸಿ, ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ನೇರವಾಗಿದೆ. ಯಾವ ಪ್ರಕರಣವೂ ದಾಖಲಾಗದೆ, ಯಾವ ಕಾರಣವನ್ನೂ ಬರೆದಿಡದೆ, ರಸ್ತೆಯಲ್ಲಿ ಸಿಕ್ಕವರ ಫೋನನ್ನು ತೆಗೆಸಿ ಓದುವ ಅಧಿಕಾರವನ್ನು ಯಾವ ಕಾಯ್ದೆಯೂ ಪೊಲೀಸರಿಗೆ ಕೊಟ್ಟಿಲ್ಲ. ಅಪರಾಧಗಳ ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಸೆಕ್ಷನ್ ವಾರಂಟ್ ಇಲ್ಲದೆ ಶೋಧ ನಡೆಸಲು ಅವಕಾಶ ಕೊಡುತ್ತದೆ, ನಿಜ. ಆದರೆ ಅದಕ್ಕೆ ತನಿಖೆ ನಡೆಯುತ್ತಿರುವ ಒಂದು ಅಪರಾಧ ಇರಬೇಕು. ಬೇಕಾದ ವಸ್ತು ತಡಮಾಡಿದರೆ ಸಿಗುವುದಿಲ್ಲ ಎಂದು ನಂಬಲು ಆಧಾರ ಇರಬೇಕು. ಆ ಆಧಾರವನ್ನೂ, ಯಾವ ವಸ್ತುವಿಗಾಗಿ ಹುಡುಕುತ್ತಿದ್ದೇವೆ ಎಂಬುದನ್ನೂ ಅಧಿಕಾರಿ ಮೊದಲೇ ಬರೆದಿಡಬೇಕು. ಆ ಬರಹದ ಪ್ರತಿ 48 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯ ಇಡೀ ಪ್ರಕ್ರಿಯೆ ವಿಡಿಯೊದಲ್ಲಿ ದಾಖಲಾಗಬೇಕು. ತಮ್ಮ ಮಗನ ವಿಷಯದಲ್ಲಿ ಇವುಗಳಲ್ಲಿ ಒಂದೂ ನಡೆದಂತೆ ಕಾಣುವುದಿಲ್ಲ.

ಇಲ್ಲಿ ಪೊಲೀಸರು ಮುಂದಿಡಬಹುದಾದ ಸೆಕ್ಷನ್ ಒಂದಿದೆ. ಅದೇ ಸಂಹಿತೆಯ 172ನೇ ಸೆಕ್ಷನ್, ಅಪರಾಧ ತಡೆಯುವ ಕರ್ತವ್ಯದಲ್ಲಿ ಪೊಲೀಸ್ ಅಧಿಕಾರಿ ಕೊಡುವ ನಿರ್ದೇಶನಗಳನ್ನು ಜನ ಪಾಲಿಸಬೇಕು ಎನ್ನುತ್ತದೆ, ಪಾಲಿಸದವರನ್ನು ತಡೆದು ನಿಲ್ಲಿಸಲೂ ಅವಕಾಶ ಕೊಡುತ್ತದೆ. ಆದರೆ ಪಾಲಿಸಬೇಕಾದದ್ದು ಕಾನೂನುಬದ್ಧ ನಿರ್ದೇಶನಗಳನ್ನು ಮಾತ್ರ. ಬೇರೆಲ್ಲೂ ಇಲ್ಲದ ಶೋಧದ ಅಧಿಕಾರವನ್ನು ಈ ಸೆಕ್ಷನ್ ಹೊಸದಾಗಿ ಹುಟ್ಟಿಸುವುದಿಲ್ಲ. ಇನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಅಡಿ ಮುಚ್ಚಿದ ಮಾಹಿತಿಯನ್ನು ತೆರೆಸುವ ಆದೇಶ ಹೊರಡಿಸಬಹುದಾದರೂ, 2009ರ ನಿಯಮಗಳ ಪ್ರಕಾರ ಆ ಅಧಿಕಾರ ಸಾಮಾನ್ಯವಾಗಿ ಗೃಹ ಇಲಾಖೆಯ ಕಾರ್ಯದರ್ಶಿಯ ಮಟ್ಟದಲ್ಲಿದೆ, ನಾಕಾಬಂದಿಯ ಬ್ಯಾರಿಕೇಡಿನ ಬಳಿ ಇಲ್ಲ.

ಹೋಲಿಸಲು ಯೋಗ್ಯವಾದದ್ದು ಮಾದಕ ವಸ್ತು ತಡೆ ಕಾಯ್ದೆಯ 50ನೇ ಸೆಕ್ಷನ್. ಅದರಡಿ ಒಬ್ಬ ವ್ಯಕ್ತಿಯ ಮೈ ತಪಾಸಣೆ ಮಾಡುವ ಮುನ್ನ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ತಪಾಸಣೆಯಾಗಬೇಕೆಂದು ಕೇಳುವ ಹಕ್ಕು ಆತನಿಗಿದೆ ಎಂದು ತಿಳಿಸಬೇಕು. 1999ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಬಲದೇವ್ ಸಿಂಗ್ ಪ್ರಕರಣದಲ್ಲಿ, ಇದನ್ನು ತಿಳಿಸದೆ ವಶಪಡಿಸಿಕೊಂಡ ವಸ್ತುವನ್ನು ಆತನ ಬಳಿ ಮಾದಕ ವಸ್ತು ಇತ್ತೆಂಬುದಕ್ಕೆ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದಿತು. ಜೇಬಿಗೆ ಕೈಹಾಕಲು ಇಷ್ಟು ಕಟ್ಟುಪಾಡು ಇಟ್ಟ ಕಾನೂನು, ಅದೇ ಜೇಬಿನಲ್ಲಿರುವ ಫೋನಿನ ಬಗ್ಗೆ ಇಷ್ಟೇ ಸ್ಪಷ್ಟವಾಗಿ ಏನನ್ನೂ ಹೇಳಿಲ್ಲ. ಒಂದು ಫೋನಿನಲ್ಲಿ ಹತ್ತು ವರ್ಷಗಳ ಮಾತುಕತೆ, ಬ್ಯಾಂಕಿನ ಸಂದೇಶಗಳು, ವೈದ್ಯರ ಚೀಟಿಗಳು, ಓಡಾಡಿದ ದಾರಿಗಳೆಲ್ಲ ಇರುತ್ತವೆ. ತಂತ್ರಜ್ಞಾನ ಮುಂದೆ ಹೋದಷ್ಟು ಬೇಗ ಕಾನೂನು ಹೋಗಲಾರದು ಎಂಬ ಸಮಾಧಾನ ಇಲ್ಲಿ ನನಗೆ ಒಪ್ಪಿಗೆಯಾಗುವುದಿಲ್ಲ. ಹೊಸ ಸಂಹಿತೆ ಬರೆದದ್ದೇ 2023ರಲ್ಲಿ. ಅದರ 94ನೇ ಸೆಕ್ಷನ್ನಿಗೆ ಡಿಜಿಟಲ್ ಸಾಕ್ಷ್ಯ ಇರಬಹುದಾದ ಸಂವಹನ ಸಾಧನಗಳನ್ನು ಹಾಜರುಪಡಿಸಲು ಹೇಳುವ ಅಧಿಕಾರವನ್ನು ನೆನಪಿಟ್ಟು ಸೇರಿಸಿದ ಸಂಸತ್ತು, ಆ ಸಾಧನದ ಒಳಗೆ ಎಷ್ಟು ನೋಡಬಹುದು ಎಂಬುದಕ್ಕೆ ಮಿತಿಯನ್ನೂ ಸೇರಿಸಬಹುದಿತ್ತು.

ಈ ಮೌನಕ್ಕೊಂದು ಹಿನ್ನೆಲೆಯಿದೆ, ಮತ್ತು ಅದು ಕಾಗದಪತ್ರಗಳ ಕಾಲದ್ದು. 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠದ ಮುಂದಿದ್ದದ್ದು ಕಂಪನಿಯೊಂದರ ಲೆಕ್ಕಪತ್ರಗಳ ಶೋಧ ಮತ್ತು ಜಪ್ತಿಯ ಪ್ರಶ್ನೆ. ಅಮೆರಿಕದ ಸಂವಿಧಾನದಲ್ಲಿರುವಂತೆ ಶೋಧಕ್ಕೆ ಖಾಸಗಿತನದ ಕಟ್ಟು ಹಾಕಲು ನಮ್ಮ ಸಂವಿಧಾನ ಬರೆದವರು ಬಯಸಲಿಲ್ಲ, ಆದ್ದರಿಂದ ನ್ಯಾಯಾಲಯ ಅದನ್ನು ಹೊರಗಿನಿಂದ ತಂದು ಸೇರಿಸಲಾಗದು ಎಂದು ಆ ಪೀಠ ಹೇಳಿತು. ಈ ಮಾತನ್ನೇ ಆಧರಿಸಿ 1973ರಲ್ಲಿ ಪೂರಣ್ ಮಲ್ ಪ್ರಕರಣದ ತೀರ್ಪು ಬಂತು. ಆದಾಯ ತೆರಿಗೆ ದಾಳಿಗೆ ಸಂಬಂಧಿಸಿದ ಆ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು, ಶೋಧ ಕಾನೂನುಬಾಹಿರವಾಗಿದ್ದರೂ ಸಿಕ್ಕಿದ ಸಾಕ್ಷ್ಯ ಪ್ರಕರಣಕ್ಕೆ ಪ್ರಸ್ತುತವಾಗಿದ್ದರೆ ಅದನ್ನು ಬಳಸಬಹುದು ಎಂದರು. ಪೊಲೀಸ್ ಠಾಣೆಗಳಲ್ಲಿ ಇಂದಿಗೂ ನಡೆಯುತ್ತಿರುವುದು ಈ ತೀರ್ಪಿನ ನೆರಳಿನಲ್ಲಿಯೇ. ಹುಡುಕುವಾಗ ನಿಯಮ ಮುರಿದರೂ ಸಿಕ್ಕಿದ್ದು ಉಳಿಯುತ್ತದೆ ಎಂದಾದರೆ, ಬಿಡುವಿಲ್ಲದೆ ದುಡಿಯುವ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಕಾರಣ ಬರೆದು, ವಾರಂಟ್ ಕೇಳಿ, ಕಾಯುವ ಗೋಜಿಗೆ ಯಾಕೆ ಹೋಗುತ್ತಾರೆ?

ಎಂ.ಪಿ. ಶರ್ಮಾ ತೀರ್ಪಿನ ಈ ಬುನಾದಿಯನ್ನು ಕೆಡವಿದ ಅರ್ಜಿ ಹೊರಟದ್ದು ನಮ್ಮ ಬೆಂಗಳೂರಿನಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ ವಾದಿಸಿದ್ದು ಅದೇ 1954ರ ತೀರ್ಪನ್ನು ಮುಂದಿಟ್ಟುಕೊಂಡು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಭಾಗವನ್ನು ರದ್ದುಮಾಡಿ, ಖಾಸಗಿತನ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದರು. ಅದರಲ್ಲಿ ಸರ್ಕಾರ ಕೈಹಾಕಬೇಕಾದರೆ ಒಂದು ಕಾನೂನು ಇರಬೇಕು, ನ್ಯಾಯಸಮ್ಮತ ಉದ್ದೇಶ ಇರಬೇಕು, ಉದ್ದೇಶಕ್ಕೆ ಬೇಕಾದಷ್ಟನ್ನು ಮೀರಿರಬಾರದು. ನ್ಯಾಯಮೂರ್ತಿ ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪನ್ನು ಎಲ್ಲ ನ್ಯಾಯಾಲಯಗಳೂ ಉಲ್ಲೇಖಿಸುತ್ತವೆ. ಆದರೂ ಎಂ.ಪಿ. ಶರ್ಮಾ ತೀರ್ಪಿನ ಮೇಲೆ ಕಟ್ಟಿದ ಪೂರಣ್ ಮಲ್ ಇನ್ನೂ ನಿಂತಿದೆ. ಒಂದನ್ನು ಕೆಡವಿ ಇನ್ನೊಂದನ್ನು ಹಾಗೇ ಬಿಟ್ಟಿರುವುದೇ ತಮ್ಮ ಮಗನಿಗಾದ ಅನುಭವದ ಮೂಲ ಎಂಬುದು ನನ್ನ ಖಚಿತ ಅಭಿಪ್ರಾಯ. ಖಾಸಗಿತನ ಮೂಲಭೂತ ಹಕ್ಕಾದ ಮೇಲೆ, ಅದನ್ನು ಮುರಿದು ತಂದ ಸಾಕ್ಷ್ಯವನ್ನು ಹೇಗೆ ನೋಡಬೇಕು ಎಂಬ ಪ್ರಶ್ನೆಯನ್ನು ದೊಡ್ಡ ಪೀಠವೊಂದು ಹೊಸದಾಗಿ ಕೈಗೆತ್ತಿಕೊಳ್ಳಬೇಕು.

ಇನ್ನು ಒಲ್ಲೆ ಎನ್ನುವ ಮಾತು. ತಮ್ಮ ಮಗ ಆರೋಪಿಯೂ ಅಲ್ಲ, ಸಾಕ್ಷಿಯೂ ಅಲ್ಲ. ಕಾನೂನಿನ ದೃಷ್ಟಿಯಲ್ಲಿ ಆತ ಲಾಕ್ ತೆಗೆಯದೆ ಇರಬಹುದಿತ್ತು. ಆದರೆ ಮಧ್ಯರಾತ್ರಿ, ಬೈಕಿನ ಕೀ ಪೊಲೀಸರ ಕೈಯಲ್ಲಿರುವಾಗ, ಇಪ್ಪತ್ತು ವರ್ಷದ ಹುಡುಗ ಫೋನ್ ತೆಗೆದುಕೊಟ್ಟದ್ದನ್ನು ಒಪ್ಪಿಗೆ ಎಂದು ಕರೆಯುವುದು ಸರಿಯಲ್ಲ. ಆತ ಕೊಟ್ಟದ್ದರಲ್ಲಿ ತಪ್ಪಿಲ್ಲ, ದಯವಿಟ್ಟು ಆತನನ್ನು ಬೈಯಬೇಡಿ.

ಪ್ರಕರಣ ದಾಖಲಾಗಿ, ಆರೋಪಿಯ ಫೋನಿನ ಪಾಸ್‌ವರ್ಡ್ ಕೇಳಿದಾಗ ಏನಾಗಬೇಕು ಎಂಬುದಕ್ಕೆ ನಮ್ಮ ಹೈಕೋರ್ಟಿನದೇ ಮಹತ್ವದ ತೀರ್ಪಿದೆ. 2021ರ ಮಾರ್ಚ್ 12ರಂದು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಬೆಂಗಳೂರಿನ ಮಾದಕ ವಸ್ತು ಪ್ರಕರಣವೊಂದರಲ್ಲಿ ಕೊಟ್ಟ ಆ ತೀರ್ಪು, ಫೋನಿನ ಶೋಧಕ್ಕೆ ಸಾಮಾನ್ಯವಾಗಿ ವಾರಂಟ್ ಬೇಕು, ತುರ್ತಿದ್ದರೆ ಕಾರಣ ಬರೆದಿಡಬೇಕು, ಕೋರ್ಟಿನ ಅನುಮತಿಯಿಲ್ಲದೆ ತನಿಖಾಧಿಕಾರಿ ಆ ಮಾಹಿತಿಯನ್ನು ಮೂರನೆಯವರಿಗೆ ಕೊಡುವಂತಿಲ್ಲ ಎಂದಿತು. ಆರೋಪಿಯ ಒಪ್ಪಿಗೆಯಿಲ್ಲದೆ ಸುಳ್ಳುಪತ್ತೆ ಪರೀಕ್ಷೆಗೆ ಮಾಡಿದ್ದ ಆದೇಶವನ್ನೂ ಒಪ್ಪಲಿಲ್ಲ. ಇಷ್ಟರ ಮಟ್ಟಿಗೆ ಅದೊಂದು ದೊಡ್ಡ ಹೆಜ್ಜೆ. ಆದರೆ ಅದೇ ತೀರ್ಪು, ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿದಂತಲ್ಲ, ಬೆರಳಚ್ಚು ಕೊಟ್ಟ ಹಾಗೆ ಎಂದೂ ಹೇಳಿತು. ಕೊಡದಿದ್ದರೆ ನ್ಯಾಯಾಲಯ ಅದರಿಂದ ಪ್ರತಿಕೂಲ ತೀರ್ಮಾನಕ್ಕೆ ಬರಬಹುದು ಎಂದಿತು.

ಇದನ್ನು ನಾನು ಒಪ್ಪಲಾರೆ. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿಯುವಂತೆ ಒತ್ತಾಯಿಸಬಾರದು ಎನ್ನುವುದು ಸಂವಿಧಾನದ 20(3)ನೇ ವಿಧಿ. 1961ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಬೆರಳಚ್ಚು, ಕೈಬರಹದ ಮಾದರಿಗಳನ್ನು ಆ ವಿಧಿಯ ಹೊರಗಿಟ್ಟದ್ದು, ಅವು ಸ್ವತಃ ವ್ಯಕ್ತಿಗೆ ಗೊತ್ತಿರುವ ಯಾವ ಸಂಗತಿಯನ್ನೂ ತಿಳಿಸುವುದಿಲ್ಲ ಎಂಬ ಕಾರಣಕ್ಕೆ. ಪಾಸ್‌ವರ್ಡ್ ಇರುವುದು ವ್ಯಕ್ತಿಯ ನೆನಪಿನಲ್ಲಿ. ಅದನ್ನು ಹೇಳಿದ ಕ್ಷಣವೇ 'ಈ ಫೋನ್ ನನ್ನದು, ಇದನ್ನು ಬಳಸುವವನು ನಾನು' ಎಂದೂ ಹೇಳಿದಂತಾಗುತ್ತದೆ. 2010ರ ಮೇ 5ರಂದು ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್ ಮೂರನ್ನೂ ಬಲವಂತವಾಗಿ ಮಾಡುವಂತಿಲ್ಲ ಎಂದದ್ದು, ಮನಸ್ಸಿನಲ್ಲಿರುವುದನ್ನು ಒತ್ತಾಯದಿಂದ ಹೊರತೆಗೆಯಬಾರದು ಎಂಬ ನೆಲೆಯಲ್ಲಿ. ಅದೂ ಕರ್ನಾಟಕದಿಂದ ಹೋದ ಪ್ರಕರಣವೇ. ಆ ದಿನಗಳಲ್ಲಿ ಮಂಪರು ಪರೀಕ್ಷೆಗೆ ದೇಶದ ನಾನಾ ಕಡೆಯಿಂದ ಆರೋಪಿಗಳನ್ನು ಕರೆತರುತ್ತಿದ್ದದ್ದು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಎಂಬುದು ಹಿರಿಯ ಓದುಗರಿಗೆ ನೆನಪಿದ್ದೀತು. ವಿಜ್ಞಾನದ ಹೆಸರಿನಲ್ಲಿ ಅಂದು ಎಲ್ಲರೂ ಒಪ್ಪಿಕೊಂಡಿದ್ದ ಪದ್ಧತಿಯೊಂದು ಸಂವಿಧಾನದ ಮುಂದೆ ನಿಲ್ಲಲಿಲ್ಲ.

ತನಿಖೆಗೆ ಫೋನ್ ಬೇಡವೆಂದು ನಾನು ಹೇಳುತ್ತಿಲ್ಲ. ಆನ್‌ಲೈನ್ ವಂಚನೆಯಲ್ಲಿ ಪಿಂಚಣಿಯ ಹಣ ಕಳೆದುಕೊಂಡವರ ಪ್ರಕರಣಗಳಲ್ಲಿ ಆರೋಪಿಯ ಫೋನೇ ಮುಖ್ಯ ಸಾಕ್ಷ್ಯ. ಆದ್ದರಿಂದಲೇ ರಸ್ತೆಯಲ್ಲಿ ಫೋನ್ ತಡಕಾಡುವುದು ಪೊಲೀಸರಿಗೂ ನಷ್ಟ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದರ ಒಂದು ಭಾಗವನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಎರಡರಲ್ಲೂ ಆ ದಾಖಲೆಯ ಹ್ಯಾಶ್ ಮೌಲ್ಯ ಬರೆಯಬೇಕು. ಕಡತದಲ್ಲಿರುವ ಮಾಹಿತಿಯನ್ನೆಲ್ಲ ಲೆಕ್ಕಕ್ಕೆ ಹಾಕಿ ಗಣಕಯಂತ್ರ ಕೊಡುವ ಉದ್ದನೆಯ ಅಂಕಿ-ಅಕ್ಷರಗಳ ಸಾಲು ಅದು. ಒಂದು ಅಲ್ಪವಿರಾಮ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಬಂದು ಬಿದ್ದಿದ್ದ ಸಂದೇಶವನ್ನು ಪೇದೆಯೊಬ್ಬರು ತೆರೆದರೆ ಅದು ಓದಿದ ಸಂದೇಶವಾಗುತ್ತದೆ, ಆ್ಯಪಿನ ಸಮಯದ ದಾಖಲೆ ಬದಲಾಗುತ್ತದೆ. ಈ ಬದಲಾವಣೆ ಮಾಡಿದ್ದು ಯಾರು ಎಂದು ಆರೋಪಿಯ ವಕೀಲರು ಕೇಳಿದರೆ ಸರ್ಕಾರಿ ವಕೀಲರಲ್ಲಿ ಉತ್ತರವಿರುವುದಿಲ್ಲ. ಮೇಲೆ ಹೇಳಿದ 2021ರ ತೀರ್ಪಿನಲ್ಲಿ, ಜಪ್ತಿಯಾದ ಫೋನನ್ನು ಸಿಗ್ನಲ್ ತಲುಪದ ಫ್ಯಾರಡೆ ಚೀಲದಲ್ಲಿಡಬೇಕು, ತಜ್ಞರು ಜೊತೆಗಿರಬೇಕು ಎಂಬ ಮಾರ್ಗಸೂಚಿ ಇರುವುದು ಇದಕ್ಕಾಗಿಯೇ.

ತಮ್ಮ ತಮ್ಮನವರ ಪ್ರಶ್ನೆಗೆ ಬರುತ್ತೇನೆ. ತಪ್ಪು ಮಾಡದವನಿಗೆ ಭಯವೇಕೆ ಎನ್ನುವಾಗ, ನೋಡಿದ್ದು ಆ ಒಬ್ಬ ಹುಡುಗನ ಬದುಕನ್ನು ಮಾತ್ರ ಎಂದು ಅವರು ಭಾವಿಸಿದ್ದಾರೆ. ಆ ರಾತ್ರಿ ಆ ಫೋನಿನಲ್ಲಿ ತಮ್ಮ ಮನೆಯವರ ರಕ್ತ ಪರೀಕ್ಷೆಯ ವರದಿ ಇದ್ದಿರಬಹುದು, ಅಕ್ಕ ತನ್ನ ಸಂಸಾರದ ಕಷ್ಟ ಹೇಳಿಕೊಂಡ ಸಂದೇಶ ಇದ್ದಿರಬಹುದು, ಜೊತೆಗೆ ಓದುವ ಹುಡುಗಿಯರ ಫೋಟೊಗಳು ಇದ್ದಿರಬಹುದು, ಕುಟುಂಬದ ಗುಂಪಿನಲ್ಲಿ ಆಸ್ತಿ ಭಾಗದ ಮಾತುಕತೆ ಇದ್ದಿರಬಹುದು. ಅವರಲ್ಲಿ ಯಾರೂ ಆ ರಸ್ತೆಯಲ್ಲಿ ನಿಂತಿರಲಿಲ್ಲ, ಯಾರನ್ನೂ ಯಾರೂ ಕೇಳಲಿಲ್ಲ. ತಮ್ಮ ತಮ್ಮನವರು ಬರೆದ ಸಂದೇಶಗಳೂ ಅಲ್ಲಿ ಇದ್ದಿದ್ದರೆ, ಅವರ ಫೋನನ್ನು ಯಾರೂ ಮುಟ್ಟದೆಯೇ ಅವರ ಮಾತುಗಳನ್ನು ಅಪರಿಚಿತರೊಬ್ಬರು ಓದಿದ ಹಾಗಾಯಿತು. ಇಷ್ಟನ್ನು ಅವರಿಗೆ ತಿಳಿಸಿ ನೋಡಿ.

ಈಗ ಮಾಡಬಹುದಾದದ್ದು. ಘಟನೆಯ ದಿನ, ಸಮಯ, ಜಾಗ, ಕಂಡಿದ್ದರೆ ವಾಹನದ ಸಂಖ್ಯೆ ಅಥವಾ ಸಮವಸ್ತ್ರದ ಮೇಲಿನ ಹೆಸರು, ಇಷ್ಟನ್ನು ನೆನಪು ಹಸಿಯಿರುವಾಗಲೇ ಮಗನಿಂದ ಬರೆಸಿ. ಅದನ್ನು ಲಗತ್ತಿಸಿ ನಗರವಾದರೆ ಪೊಲೀಸ್ ಕಮಿಷನರ್, ಜಿಲ್ಲೆಯಾದರೆ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ದೂರು ಕಳುಹಿಸಿ. ಒಂದು ಪ್ರತಿಯನ್ನು ಪೊಲೀಸ್ ದೂರು ಪ್ರಾಧಿಕಾರಕ್ಕೂ ಕಳುಹಿಸಬಹುದು. ಪೊಲೀಸ್ ಸುಧಾರಣೆಯ ಬಗ್ಗೆ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ಪ್ರಕಾಶ್ ಸಿಂಗ್ ತೀರ್ಪಿನ ಫಲವಾಗಿ ನಮ್ಮ ರಾಜ್ಯದಲ್ಲೂ ಆ ವ್ಯವಸ್ಥೆ ಬಂದಿದೆ. ಇದರ ಜೊತೆಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಹಾಕಿ, ವಾಹನ ತಪಾಸಣೆಯ ವೇಳೆ ಸಾರ್ವಜನಿಕರ ಫೋನ್ ಪರಿಶೀಲಿಸಲು ಯಾವ ಆದೇಶ ಅಥವಾ ಸುತ್ತೋಲೆ ಇದೆ, ಅದರ ಪ್ರತಿ ಕೊಡಿ ಎಂದು ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಆದ್ದರಿಂದ ಮಗನ ಘಟನೆಯನ್ನು ಅದರಲ್ಲಿ ಸೇರಿಸಬೇಡಿ. 30 ದಿನಗಳೊಳಗೆ ಉತ್ತರ ಬರಬೇಕು. ಬಂದ ಉತ್ತರವನ್ನು, ಬಾರದಿದ್ದರೆ ಮೇಲ್ಮನವಿಯ ಪ್ರತಿಯನ್ನು ನಮಗೂ ಕಳುಹಿಸಿಕೊಟ್ಟರೆ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

ಸಂಪಾದಕ