ಹೊರಗಿನ ಸೇನೆ ಬಂದು ನಾಯಕನನ್ನು ಹಿಡಿದರೆ ಜನ ಯಾಕೆ ಕುಣಿಯುತ್ತಾರೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಸುತ್ತ ಇವೆ. ಒಂದು ದೇಶದ ನಾಯಕನನ್ನು ಇನ್ನೊಂದು ದೇಶದ ಸೇನೆ ಬಂದು ಹಿಡಿದುಕೊಂಡು ಹೋದರೆ ಅಲ್ಲಿನ ಜನಕ್ಕೆ ಏನನ್ನಿಸುತ್ತದೆ ಅಂತ. ಹಾಗಾಗಿ ಬೇರೆಯದನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಉತ್ತರದಲ್ಲಿ ಮಧ್ಯ ಅಮೆರಿಕದ ಪುಟ್ಟ ದೇಶ ಪನಾಮಾ ಜಾಸ್ತಿ ಬರುತ್ತದೆ, ಯಾಕೆಂದರೆ ಅಲ್ಲಿ ಮೊದಲ ದಿನದ ಸಂಭ್ರಮವೂ ಗೊತ್ತು, ಮೂವತ್ತು ವರ್ಷದ ಮೇಲೆ ಆದದ್ದೂ ಗೊತ್ತು.

ಪ್ರಶ್ನೆ: ಪನಾಮಾದ ನೊರಿಯೇಗಾನನ್ನು ಅಮೆರಿಕದ ಸೇನೆ ಹಿಡಿದಾಗ ಅಲ್ಲಿನವರೇ ಬೀದಿಗಿಳಿದು ಕುಣಿದರಂತೆ. ನಮ್ಮ ಮನೆಗೆ ಯಾರೋ ನುಗ್ಗಿದರೆ ನಾವು ಖುಷಿಪಡುತ್ತೇವಾ? ಟಿವಿಯವರು ಕಟ್ಟಿದ ಕಥೆ ಇರಬೇಕಲ್ವಾ? (ಓದುಗರು, ತುಮಕೂರು)

ಕಥೆ ಅಲ್ಲ, ನಿಜವಾಗಿಯೂ ಕುಣಿದರು. 1990ರ ಜನವರಿ 3ರ ರಾತ್ರಿ ಮ್ಯಾನುಯೆಲ್ ನೊರಿಯೇಗಾ ಶರಣಾದ ಸುದ್ದಿ ಹರಡಿದ್ದೇ ತಡ, ಪನಾಮಾ ಸಿಟಿಯಲ್ಲಿ ಕಾರುಗಳ ಹಾರ್ನ್, ಪಾತ್ರೆ ಬಡಿಯುವ ಸದ್ದು, ಬಿಳಿ ಕರವಸ್ತ್ರ. ಇದು ಅವತ್ತು ಹೊಸದಾಗಿ ಹುಟ್ಟಿದ್ದಲ್ಲ. 1987ರಿಂದಲೇ ಅವನ ವಿರೋಧಿಗಳು ಬಿಳಿ ಬಟ್ಟೆ ತೊಟ್ಟು, ಕರವಸ್ತ್ರ ಬೀಸುತ್ತಾ, ಅಡುಗೆಮನೆಯ ಪಾತ್ರೆ ತಂದು ಬಡಿಯುತ್ತಾ ಪ್ರತಿಭಟನೆ ಮಾಡುತ್ತಿದ್ದರು, ಏಟು ತಿನ್ನುತ್ತಿದ್ದರು. ಎರಡೂವರೆ ವರ್ಷ ಸಿಟ್ಟಿನಿಂದ ಬಡಿದ ಪಾತ್ರೆಯನ್ನೇ ಅವತ್ತು ಖುಷಿಯಿಂದ ಬಡಿದರು, ಅಷ್ಟೇ.

ಅವರ ಜಾಗದಲ್ಲಿ ಸುಮ್ನೆ ಒಮ್ಮೆ ನಿಂತು ನೋಡಿ. ನೊರಿಯೇಗಾ ಅಧ್ಯಕ್ಷನಲ್ಲ, ಸೇನೆಯ ಮುಖ್ಯಸ್ಥ. ಅಧ್ಯಕ್ಷರು ಬರುತ್ತಿದ್ದರು, ಹೋಗುತ್ತಿದ್ದರು, ಇವನು ಮಾತ್ರ ಅಲ್ಲೇ ಇರುತ್ತಿದ್ದ. 1989ರ ಮೇ ತಿಂಗಳಲ್ಲಿ ಚುನಾವಣೆ ನಡೆಯಿತು. ವಿರೋಧ ಪಕ್ಷದ ಗಿಯೆರ್ಮೊ ಎಂಡಾರಾ ಭಾರಿ ಅಂತರದಿಂದ ಮುಂದಿದ್ದಾರೆ ಅಂತ ಗೊತ್ತಾದ ಕೂಡಲೇ ಚುನಾವಣೆಯನ್ನೇ ರದ್ದು ಮಾಡಿದರು. ಗೆದ್ದವರು ಮೆರವಣಿಗೆ ಹೊರಟರೆ ನೊರಿಯೇಗಾನ ಬಾಡಿಗೆ ಪಡೆಯವರು ಕಬ್ಬಿಣದ ಸರಳು ಹಿಡಿದು ಬಂದರು. ಎಂಡಾರಾಗೆ ತಲೆಗೇ ಏಟು. ಉಪಾಧ್ಯಕ್ಷ ಅಭ್ಯರ್ಥಿ ಬಿಲ್ಲಿ ಫೋರ್ಡ್ ಅವರ ಬಿಳಿ ಅಂಗಿ ಪೂರ್ತಿ ರಕ್ತಮಯ ಆಗಿದ್ದ ಫೋಟೊ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅಕ್ಟೋಬರ್‌ನಲ್ಲಿ ಸೇನೆಯ ಒಳಗಿನವರೇ ದಂಗೆ ಎದ್ದರು, ಅದು ಕೆಲವೇ ಗಂಟೆಯಲ್ಲಿ ಮುಗಿಯಿತು, ಮುಂದಾಳುಗಳನ್ನು ಕೊಂದು ಹಾಕಿದರು.

ಓಟು ಹಾಕಿ ಆಯಿತು, ಬೀದಿಗೆ ಇಳಿದು ಆಯಿತು, ಸೇನೆಯನ್ನು ನಂಬಿ ಆಯಿತು. ಇದರ ಮೇಲೆ ಹೊಟ್ಟೆಗೆ ಏಟು ಬೇರೆ. ಪನಾಮಾದಲ್ಲಿ ನಡೆಯುವುದು ಅಮೆರಿಕದ ಡಾಲರ್ ನೋಟು. 1988ರಲ್ಲಿ ಅಮೆರಿಕ ಅವರ ಹಣ ತಡೆಹಿಡಿದಾಗ ನೋಟೇ ಇಲ್ಲದೆ ಬ್ಯಾಂಕುಗಳು ವಾರಗಟ್ಟಲೆ ಬಾಗಿಲು ಹಾಕಿದವು. ಅಂದರೆ ಒಳಗಿನಿಂದ ಒಬ್ಬ ಒದೆಯುತ್ತಿದ್ದ, ಹೊರಗಿನಿಂದ ಇನ್ನೊಬ್ಬ ಕತ್ತು ಹಿಸುಕುತ್ತಿದ್ದ. ಇಷ್ಟಾದ ಮೇಲೆ ‘ಯಾರಾದರೂ ಬಂದು ಇವನನ್ನು ತೊಲಗಿಸಲಿ’ ಅನ್ನಿಸಿದ್ದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ.

ಒಂದು ಮಾತು ಸೇರಿಸಬೇಕು. ಈ ನೊರಿಯೇಗಾನಿಗೆ ವರ್ಷಗಟ್ಟಲೆ ಸಂಬಳ ಕೊಟ್ಟು ಸಾಕಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ದಾಳಿಗೆ ಆದೇಶ ಕೊಟ್ಟ ಹಿರಿಯ ಜಾರ್ಜ್ ಬುಷ್ ಒಂದು ಕಾಲಕ್ಕೆ ಅದೇ ಸಿಐಎ ಮುಖ್ಯಸ್ಥರಾಗಿದ್ದವರು. ಅಲ್ಲಿನ ಜನ ಇದನ್ನು ತಿಳಿಯದೆ ಕುಣಿದರು ಅಂದುಕೊಳ್ಳಬೇಡಿ. ತಿಳಿದೇ ಕುಣಿದರು.

ಪ್ರಶ್ನೆ: ದಾಳಿಯಾದ ಮೇಲೆ ಅಮೆರಿಕದ ಸಿಬಿಎಸ್ ಟಿವಿ ನಡೆಸಿದ ಸಮೀಕ್ಷೆಯಲ್ಲಿ ಪನಾಮಾದ 92% ಜನ ‘ಸರಿ’ ಅಂದರು. ಜನರೇ ಒಪ್ಪಿದ ಮೇಲೆ ಹೊರಗಿನವರು ಬೊಬ್ಬೆ ಹೊಡೆಯುವುದು ಯಾಕೆ? (ಓದುಗರು, ಮಂಗಳೂರು)

ಅಂಕಿ ನಿಜ. ಆದರೆ ಆ ಸಮೀಕ್ಷೆಗೆ ಉತ್ತರ ಕೊಟ್ಟವರ ಮನೆ ಎಲ್ಲಿತ್ತು ಅನ್ನುವುದನ್ನೂ ಕೇಳಬೇಕು.

1989ರ ಡಿಸೆಂಬರ್ 20ರ ನಡುರಾತ್ರಿ ಸುಮಾರು 27,000 ಸೈನಿಕರ ಕಾರ್ಯಾಚರಣೆ ಶುರುವಾಯಿತು. ನೊರಿಯೇಗಾನ ಸೇನಾ ಕೇಂದ್ರ ಕಚೇರಿ ಇದ್ದದ್ದು ಎಲ್ ಚೊರ್ರಿಯೊ ಅನ್ನುವ ಬಡವರ ಬಡಾವಣೆಯಲ್ಲಿ. ಪನಾಮಾ ಕಾಲುವೆ ತೋಡುವ ಕಾಲಕ್ಕೆ ಕೂಲಿಗಳಿಗಾಗಿ ಎದ್ದ ಮರದ ಮನೆಗಳು, ಒಂದಕ್ಕೊಂದು ಅಂಟಿಕೊಂಡು ಸಾಲಾಗಿ, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಕಚೇರಿಗೆ ಗುಂಡು ಬಿತ್ತು, ಬೆಂಕಿ ಈ ಮನೆಗಳಿಗೆ ಹತ್ತಿತು. ಬೆಳಗಾಗುವಷ್ಟರಲ್ಲಿ ಬೀದಿಗೆ ಬೀದಿಯೇ ಬೂದಿ. 15ರಿಂದ 20 ಸಾವಿರ ಜನ ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ಎಷ್ಟೋ ಕುಟುಂಬಗಳು ಆಮೇಲೆ ತಿಂಗಳುಗಟ್ಟಲೆ ವಿಮಾನ ನಿಲ್ಲಿಸುವ ಶೆಡ್ಡಿನಲ್ಲಿ ಅಡ್ಡಗೋಡೆ ಹಾಕಿಕೊಂಡು ಸಂಸಾರ ಮಾಡಿದವು. ಕಾರಿನ ಹಾರ್ನ್ ಹೊಡೆದು ಸಂಭ್ರಮಿಸಿದವರಿಗೆ ಕಾರು ಇತ್ತು, ಕಾರು ನಿಲ್ಲಿಸಲು ಮನೆಯೂ ಇತ್ತು. ಅವರ ಖುಷಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಆ ರಾತ್ರಿಯೇ ಬೇರೆ.

ಸತ್ತವರ ಲೆಕ್ಕ ಇವತ್ತಿಗೂ ಬಗೆಹರಿದಿಲ್ಲ. ಅಮೆರಿಕದ ಸೇನೆ ಕೊಟ್ಟ ಲೆಕ್ಕದ ಪ್ರಕಾರ ಪನಾಮಾದವರು 516, ತಮ್ಮವರು 23. ಸಾವಿರಾರು ಜನ ಅನ್ನುವವರೂ ಇದ್ದಾರೆ. ಹೆಣಗಳನ್ನು ಗುಂಪಾಗಿ ಹೂತ ಗುಂಡಿಗಳಿದ್ದವು, ಗುರುತು ಹಚ್ಚಲು 2020ರಲ್ಲಿ ಮತ್ತೆ ಅಗೆಯಲು ಶುರು ಮಾಡಿದರು. ಯಾವ ತಾರೀಖಿನ ದಾಳಿಯನ್ನು 92% ಜನ ಮೆಚ್ಚಿದ್ದರೋ ಆ ಡಿಸೆಂಬರ್ 20ನ್ನು ಪನಾಮಾ 2022ರಲ್ಲಿ ರಾಷ್ಟ್ರೀಯ ಶೋಕದಿನ ಅಂತ ಕಾನೂನು ಮಾಡಿತು. ಜನ ಮಾತು ಬದಲಿಸಿದರು ಅನ್ನಬೇಡಿ. ಮೊದಲು ಕೇಳಿದ್ದು ‘ಅವನು ಹೋದದ್ದು ಒಳ್ಳೆಯದಾಯಿತಾ’ ಅಂತ. ಆಮೇಲೆ ಕೇಳಿದ್ದು ‘ಅದಕ್ಕೆ ಯಾರು ಬೆಲೆ ತೆತ್ತರು’ ಅಂತ. ಎರಡೂ ಬೇರೆ ಬೇರೆ ಪ್ರಶ್ನೆ, ಒಬ್ಬನೇ ಮನುಷ್ಯ ಎರಡಕ್ಕೂ ಪ್ರಾಮಾಣಿಕವಾಗಿಯೇ ಉತ್ತರ ಕೊಡಬಹುದು.

ಖುಷಿ ಕರಗಲು ಮೂವತ್ತು ವರ್ಷವೇನೂ ಬೇಕಾಗಲಿಲ್ಲ. ಪೊಲೀಸರೇ ಇಲ್ಲದ ಆ ದಿನಗಳಲ್ಲಿ ಪನಾಮಾ ಸಿಟಿಯ ಅಂಗಡಿಗಳು ಲೂಟಿಯಾದವು, ವ್ಯಾಪಾರಿಗಳು ತಲೆ ಮೇಲೆ ಕೈ ಹೊತ್ತರು. ಎಂಡಾರಾ ಪ್ರಮಾಣವಚನ ತೆಗೆದುಕೊಂಡದ್ದು ಅಮೆರಿಕದ ಸೇನಾ ನೆಲೆಯೊಳಗೆ. ಗೆದ್ದ ಮನುಷ್ಯ ನಿಜ, ಆದರೆ ಆ ಮುದ್ರೆ ಕೊನೆವರೆಗೂ ಅಳಿಸಲಿಲ್ಲ. ಮಾತು ಕೊಟ್ಟ ನೆರವು ಬರಲು ತಡವಾದಾಗ 1990ರ ಮಾರ್ಚ್‌ನಲ್ಲಿ ಅದೇ ಎಂಡಾರಾ ಚರ್ಚಿನಲ್ಲಿ ಉಪವಾಸ ಕೂತರು. ದೇಶದ ಅಧ್ಯಕ್ಷ!

ಪ್ರಶ್ನೆ: ಜೋರಾಗಿ ಹಾಡು ಹಾಕಿ ನೊರಿಯೇಗಾನನ್ನು ಹೊರಗೆ ಬರಿಸಿದರಂತೆ, ಹೌದಾ? (ಓದುಗರು, ಹುಬ್ಬಳ್ಳಿ)

ಹಾಡು ಹಾಕಿದ್ದು ಹೌದು. ಅದರಿಂದಲೇ ಹೊರಗೆ ಬಂದ ಅನ್ನುವುದು ಜಾಸ್ತಿಯಾಯಿತು. ಕ್ರಿಸ್‌ಮಸ್ ಹಿಂದಿನ ದಿನ ಅವನು ವ್ಯಾಟಿಕನ್ ರಾಯಭಾರ ಕಚೇರಿಗೆ ಓಡಿಹೋಗಿ ಕೂತ. ಅಲ್ಲಿಗೆ ಸೈನಿಕರು ನುಗ್ಗುವಂತಿಲ್ಲ. ಹೊರಗೆ ಸ್ಪೀಕರ್ ಇಟ್ಟು ಹಗಲೂ ರಾತ್ರಿ ರಾಕ್ ಸಂಗೀತ ಹಾಕಿದರು. ನಿದ್ದೆ ಕೆಟ್ಟದ್ದು ಪಾದ್ರಿಗಳಿಗೂ ಸೇರಿ, ವ್ಯಾಟಿಕನ್ ದೂರು ಕೊಟ್ಟಿತು, ನಿಲ್ಲಿಸಿದರು. ನಿಜವಾಗಿ ಅವನನ್ನು ಕರಗಿಸಿದ್ದು ಒಳಗಿದ್ದ ರಾಯಭಾರಿ ಲಾಬೋವಾ ಅವರ ಮಾತು ಮತ್ತು ಹೊರಗೆ ಸೇರಿದ್ದ ಪನಾಮಾದ ಸಾವಿರಾರು ಜನರ ‘ಕೊಲೆಗಾರ’ ಅನ್ನುವ ಕೂಗು ಅಂತ ನನ್ನ ಲೆಕ್ಕ. ಆ ಗುಂಪಿನ ಕೈಗೆ ಸಿಗುವುದಕ್ಕಿಂತ ಅಮೆರಿಕದ ಜೈಲೇ ವಾಸಿ ಅನ್ನಿಸಿರಬೇಕು.

ಇದೇ ಗಲಾಟೆಯಲ್ಲಿ ಇನ್ನೊಂದು ನಡೆಯಿತು. ಅವನ ಮನೆಯೊಂದರಲ್ಲಿ 50 ಕಿಲೋ ಕೊಕೇನ್ ಸಿಕ್ಕಿತು ಅಂತ ಸೇನೆ ಹೇಳಿತು, ಪತ್ರಿಕೆಗಳು ಅಚ್ಚು ಹಾಕಿದವು. ತಿಂಗಳಾದ ಮೇಲೆ ಗೊತ್ತಾಯಿತು, ಅದು ಬಾಳೆಎಲೆಯಲ್ಲಿ ಸುತ್ತಿಟ್ಟ ತಮಾಲೆ, ಮೆಕ್ಕೆಜೋಳದ ಹಿಟ್ಟಿನ ತಿಂಡಿ. ಆದರೆ ಕೊಕೇನ್ ಸುದ್ದಿ ಓದಿದವರೆಲ್ಲ ಕಡುಬಿನ ಸುದ್ದಿಯನ್ನೂ ಓದಿರುತ್ತಾರಾ?

ಪ್ರಶ್ನೆ: ಬೇರೆ ದೇಶಗಳು ಸುಮ್ಮನಿದ್ದವಾ? (ಓದುಗರು, ದಾವಣಗೆರೆ)

ಇಲ್ಲ. ವಿಶ್ವಸಂಸ್ಥೆಯ ಮಹಾಸಭೆ ದಾಳಿಯನ್ನು ಖಂಡಿಸಿತು: ಪರ 75, ವಿರುದ್ಧ 20, ತಟಸ್ಥ 40. ಅದಕ್ಕೆ ಮುಂಚೆ ಭದ್ರತಾ ಮಂಡಳಿಯಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇರಿ ವೀಟೊ ಹಾಕಿದ್ದವು. ಅಮೆರಿಕ ಖಂಡದ ದೇಶಗಳ ಒಕ್ಕೂಟದಲ್ಲಿ ವಿಷಾದದ ನಿರ್ಣಯಕ್ಕೆ 20 ದೇಶ ಕೈ ಎತ್ತಿದವು, ವಿರುದ್ಧ ನಿಂತದ್ದು ಅಮೆರಿಕ ಒಂದೇ. ಲ್ಯಾಟಿನ್ ಅಮೆರಿಕದವರಿಗೆ ನೊರಿಯೇಗಾ ಮೇಲೆ ಪ್ರೀತಿ ಇತ್ತು ಅಂತಲ್ಲ. ಇವತ್ತು ಅವನು, ನಾಳೆ ನಾವು ಅನ್ನುವ ಭಯ. ಅತ್ತ ಅಮೆರಿಕದಲ್ಲಿ ಬುಷ್ ಅವರ ಜನಪ್ರಿಯತೆ ಗ್ಯಾಲಪ್ ಸಮೀಕ್ಷೆಯಲ್ಲಿ 80%ಕ್ಕೆ ಏರಿತು.

ಪ್ರಶ್ನೆ: ಸದ್ದಾಂ ಹುಸೇನ್ ಸಿಕ್ಕಾಗಲೂ ಹೀಗೇ ಆಯಿತಾ? ನಮ್ಮಲ್ಲೂ ಗಲಾಟೆ ಆದ ನೆನಪು. (ಓದುಗರು, ಕಲಬುರಗಿ)

ನಿಮ್ಮ ನೆನಪು ಸರಿ, ಆದರೆ ಗಲಾಟೆ ಆದದ್ದು ಹಿಡಿದಾಗ ಅಲ್ಲ, ಗಲ್ಲಿಗೇರಿಸಿದ ಮೇಲೆ. 2003ರ ಡಿಸೆಂಬರ್ 13ರಂದು ತಿಕ್ರಿತ್ ಹತ್ತಿರದ ಅದ್ ದೌರ್‌ನಲ್ಲಿ ನೆಲದ ಗುಂಡಿಯಿಂದ ಸದ್ದಾಂನನ್ನು ಎತ್ತಿದರು. ಮಾರನೇ ದಿನ ಪತ್ರಿಕಾಗೋಷ್ಠಿಯಲ್ಲಿ ವೀಡಿಯೊ ತೋರಿಸಿದಾಗ ಇರಾಕಿ ಪತ್ರಕರ್ತರೇ ಎದ್ದುನಿಂತು ಕೂಗಿದರು. ಬಾಗ್ದಾದಿನಲ್ಲಿ ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸಿದರು, ಕುರ್ದ್ ಜನ ಕುಣಿದರು. ಅವನ ತವರು ಸೀಮೆ ತಿಕ್ರಿತ್‌ನಲ್ಲಿ ಮೊದಲು ನಂಬಲಿಲ್ಲ, ನಂಬಿದ ಮೇಲೆ ಸಿಟ್ಟಾದರು.

ವೀಡಿಯೊದಲ್ಲಿ ಒಂದು ದೃಶ್ಯ ಇತ್ತು. ಕೆದರಿದ ಗಡ್ಡದ ಸದ್ದಾಂ ಬಾಯಿ ತೆರೆದು ಕೂತಿದ್ದಾನೆ, ಕೈಗವಸು ತೊಟ್ಟ ವೈದ್ಯ ಟಾರ್ಚ್ ಬಿಟ್ಟು ಒಳಗೆ ನೋಡುತ್ತಿದ್ದಾನೆ. ವ್ಯಾಟಿಕನ್ನಿನ ಕಾರ್ಡಿನಲ್ ಮಾರ್ಟಿನೊ, ಹಸುವಿನ ಹಲ್ಲು ನೋಡಿದ ಹಾಗೆ ನೋಡಿದರಲ್ಲ ಅಂತ ಮರುಗಿದರು. ಸಂತೆಯಲ್ಲಿ ದನ ಕೊಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅವನಿಂದ ನರಳಿದವರಿಗೆ ಆ ಚಿತ್ರ ನೆಮ್ಮದಿ ಕೊಟ್ಟಿತು. ಅವನನ್ನು ಕಂಡರೆ ಆಗದ ಎಷ್ಟೋ ಅರಬರಿಗೇ ಅದು ತಮಗೇ ಆದ ಅವಮಾನ ಅನ್ನಿಸಿತು. ಹಿಡಿದದ್ದಕ್ಕಿಂತ ಹಿಡಿದು ತೋರಿಸಿದ ರೀತಿ ಜನರನ್ನು ಹೆಚ್ಚು ಒಡೆಯುತ್ತದೆ. ಅಷ್ಟು ಸಾಲದೆಂಬಂತೆ, ಆಮೇಲೆ ಗಲ್ಲಿನ ವೀಡಿಯೊ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. 2007ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರತಿಭಟನಾ ಮೆರವಣಿಗೆ ಶಿವಾಜಿನಗರದ ಸುತ್ತಮುತ್ತ ಕಲ್ಲುತೂರಾಟಕ್ಕೆ, ಕರ್ಫ್ಯೂಗೆ ತಿರುಗಿತು. ಸದ್ದಾಂ ಆ ಹೊತ್ತಿಗೆ ಬರೀ ನೆಪ, ಜಗಳ ನಮ್ಮ ನಮ್ಮದೇ.

ಪ್ರಶ್ನೆ: ಕರ್ನಾಟಕದ ಇತಿಹಾಸದಲ್ಲಿ ಇಂಥದ್ದು ಆಗಿದೆಯಾ? (ಓದುಗರು, ವಿರಾಜಪೇಟೆ)

ಕೊಡಗಿನಲ್ಲೇ ಇದ್ದುಕೊಂಡು ಕೇಳುತ್ತೀರಲ್ಲ! 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಮಡಿಕೇರಿಗೆ ಬಂತು, ಕೊಡಗಿನ ರಾಜ ಚಿಕ್ಕ ವೀರರಾಜೇಂದ್ರ ಶರಣಾದ, ಅವನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಸಾಗಿಸಿದರು. ಅವನ ಕ್ರೌರ್ಯಕ್ಕೆ ಜನ ಬೇಸತ್ತಿದ್ದರು, ದಿವಾನರೇ ಕಂಪನಿಯ ಕಡೆ ನಿಂತರು. ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ, ಕಂಪನಿಯ ಆಶ್ರಯಕ್ಕೆ ಬರಬೇಕೆಂಬುದು ಕೊಡಗಿನ ಎಲ್ಲರ ಒಮ್ಮತದ ಇಚ್ಛೆ ಅಂತ ಬರೆದಿತ್ತು. 92% ಕೂಡ ಅಲ್ಲ, ನೂರಕ್ಕೆ ನೂರು!

ಮೂರೇ ವರ್ಷ. ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದ ಅಮರ ಸುಳ್ಯ, ಪುತ್ತೂರು ಸೀಮೆಯಲ್ಲಿ ಕಂದಾಯವನ್ನು ಬೆಳೆಯ ಬದಲು ದುಡ್ಡಿನಲ್ಲೇ ಕಟ್ಟಿ ಅಂದರು. ರೈತರು ತಿರುಗಿಬಿದ್ದರು. ಹಳೇ ರಾಜವಂಶದ ಹೆಸರಿನಲ್ಲೇ ಕಲ್ಯಾಣಸ್ವಾಮಿಯನ್ನು ಮುಂದಿಟ್ಟುಕೊಂಡು 1837ರ ಏಪ್ರಿಲ್‌ನಲ್ಲಿ ಮಂಗಳೂರಿನವರೆಗೆ ಹೋಗಿ ಬಾವುಟಗುಡ್ಡದಲ್ಲಿ ಬಾವುಟ ಏರಿಸಿದರು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಆ ವರ್ಷವೇ ಮಡಿಕೇರಿಯಲ್ಲಿ ಗಲ್ಲಿಗೆ ಹಾಕಿದರು. ದಂಗೆಯನ್ನು ಅಡಗಿಸಲು ಕಂಪನಿಯ ಜೊತೆ ನಿಂತ ಕೊಡಗಿನವರೂ ಇದ್ದರು ಅನ್ನುವುದನ್ನು ಮರೆಯಬಾರದು. ಹಾಗಾದರೆ ‘ಕೊಡಗಿನ ಜನ ಏನಂದರು’ ಅಂತ ಕೇಳಿದರೆ ಯಾವ ಜನ, ಯಾವ ವರ್ಷ ಅಂತ ನಾನು ತಿರುಗಿ ಕೇಳಬೇಕಾಗುತ್ತದೆ.

ಪ್ರಶ್ನೆ: ನೊರಿಯೇಗಾ ಕೊನೆಗೆ ಏನಾದ? (ಓದುಗರು, ಮೈಸೂರು)

ಮಯಾಮಿಯಲ್ಲಿ ವಿಚಾರಣೆ ನಡೆಯಿತು. ನಾನು ದೇಶದ ಮುಖ್ಯಸ್ಥ, ನನ್ನನ್ನು ಮುಟ್ಟುವಂತಿಲ್ಲ ಅನ್ನುವ ವಾದವನ್ನು ಕೋರ್ಟು ಒಪ್ಪಲಿಲ್ಲ, ಅಮೆರಿಕ ಅವನನ್ನು ಹಾಗೆ ಮಾನ್ಯ ಮಾಡಿಯೇ ಇರಲಿಲ್ಲ ಅಂದಿತು. 1992ರಲ್ಲಿ 40 ವರ್ಷ ಶಿಕ್ಷೆ, ಆಮೇಲೆ 30ಕ್ಕೆ ಇಳಿಯಿತು. ಯುದ್ಧಕೈದಿ ಅನ್ನುವ ದರ್ಜೆ ಬೇರೆ ಸಿಕ್ಕಿತ್ತು. 2010ರಲ್ಲಿ ಫ್ರಾನ್ಸಿಗೆ, 2011ರ ಡಿಸೆಂಬರ್‌ನಲ್ಲಿ ಪನಾಮಾಕ್ಕೆ, ಜೈಲಿನಿಂದ ಜೈಲಿಗೆ. 2014ರಲ್ಲಿ ಒಂದು ವೀಡಿಯೊ ಗೇಮಿನಲ್ಲಿ ತನ್ನನ್ನು ಖಳನಾಯಕ ಮಾಡಿ ಮಾನ ಕಳೆದರು ಅಂತ ಅಮೆರಿಕದ ಕೋರ್ಟಿಗೇ ಹೋದ, ಕೇಸು ಬಿದ್ದುಹೋಯಿತು. ಮರುವರ್ಷ ಟಿವಿಯಲ್ಲಿ ಕೂತು ಜನರ ಕ್ಷಮೆ ಕೇಳಿದ. 2017ರ ಮೇ ತಿಂಗಳಲ್ಲಿ ಸತ್ತ.