ಹೈಬರ್ನೇಟ್ ಆಗಿದ್ದಾಗ ಹಾರ್ಡ್‌ವೇರ್ ಬದಲಾದರೆ?

ಪ್ರಶ್ನೆ: ನನ್ನ ವಿಂಡೋಸ್ ಲ್ಯಾಪ್‌ಟಾಪ್ ಹೈಬರ್ನೇಟ್ ಆಗಿದ್ದಾಗ ಯುಎಸ್‌ಬಿ ಮೌಸ್ ಬದಲಿಸಿದೆ, ಏನೂ ತೊಂದರೆಯಾಗಲಿಲ್ಲ. ಇನ್ನೊಮ್ಮೆ ರ‍್ಯಾಮ್ ಸೇರಿಸಿದೆ, ತೆರೆದಿಟ್ಟ ಕೆಲಸವೆಲ್ಲ ಹೋಗಿ ಹೊಸದಾಗಿ ಬೂಟ್ ಆಯಿತು. ಹೀಗೇಕೆ?

ಉತ್ತರ: ಹಾರ್ಡ್‌ವೇರ್ ಬದಲಾಗಿದೆಯೇ ಎಂಬ ತಪಾಸಣೆ ಎರಡು ಹಂತದಲ್ಲಿ ನಡೆಯುತ್ತದೆ. ಹೈಬರ್ನೇಟ್ ಮಾಡಿದಾಗ ರ‍್ಯಾಮ್‌ನಲ್ಲಿರುವುದು ಡಿಸ್ಕ್‌ನ ಒಂದು ಫೈಲ್‌ಗೆ ಇಳಿದು ಯಂತ್ರ ಆರಿಹೋಗುತ್ತದೆ. ಮತ್ತೆ ಪವರ್ ಬಟನ್ ಒತ್ತಿದಾಗ ಫರ್ಮ್‌ವೇರ್ (ವಿಂಡೋಸ್‌ಗೂ ಮೊದಲೇ ಓಡುವ, ಯಂತ್ರದಲ್ಲೇ ಅಡಕವಾದ ತಂತ್ರಾಂಶ) ಮೂಲ ಹಾರ್ಡ್‌ವೇರನ್ನು ಆಧರಿಸಿ ‘ಹಾರ್ಡ್‌ವೇರ್ ಸಿಗ್ನೇಚರ್’ ಎಂಬ 32 ಬಿಟ್ ಸಂಖ್ಯೆಯನ್ನು ಎಸಿಪಿಐ (ಫರ್ಮ್‌ವೇರ್ ವಿಂಡೋಸ್‌ಗೆ ಯಂತ್ರದ ಮಾಹಿತಿ ಕೊಡುವ ಮಾನದಂಡ) ಕೋಷ್ಟಕದಲ್ಲಿ ಇಡುತ್ತದೆ. ಮೊದಲು ಉಳಿಸಿಟ್ಟ ಸಂಖ್ಯೆಗೆ ಅದು ತಾಳೆಯಾಗದಿದ್ದರೆ ಹಳೆಯ ಸ್ಥಿತಿಗೆ ಮರಳದೆ ಹೊಸದಾಗಿ ಬೂಟ್ ಆಗುವುದೇ ನಿಯಮ. ರ‍್ಯಾಮ್ ಬದಲಾದರೆ ಮೆಮೊರಿಯ ನಕ್ಷೆಯೂ (ಯಾವ ವಿಳಾಸ ಯಾರ ಬಳಕೆಗೆ ಎಂಬ ಪಟ್ಟಿ) ಬದಲಾಗುತ್ತದೆ. ಉಳಿಸಿದ ಪುಟಗಳನ್ನು (ಮೆಮೊರಿಯ ತುಣುಕುಗಳನ್ನು) ಹಳೆಯ ವಿಳಾಸಗಳಿಗೇ ತುಂಬಿದರೆ ಫರ್ಮ್‌ವೇರ್ ಕಾದಿರಿಸಿಕೊಂಡ ಜಾಗದ ಮೇಲೂ ಬಿದ್ದಾವು. ಹಾಗಾಗಿ ಕೆಲಸ ಹೋದದ್ದು ಬೇಸರವೇ ಆದರೂ ಯಂತ್ರ ಮಾಡಿದ್ದು ಸರಿ. ಸಿಗ್ನೇಚರ್‌ಗೆ ಯಾವ ಯಾವ ಭಾಗ ಸೇರಬೇಕೆಂಬುದು ಫರ್ಮ್‌ವೇರ್ ಬರೆದವರ ಕೈಯಲ್ಲಿದೆ. ಒಂದೇ ಬದಲಾವಣೆಗೆ ಎರಡು ಲ್ಯಾಪ್‌ಟಾಪ್‌ಗಳು ಬೇರೆ ಬೇರೆಯಾಗಿ ವರ್ತಿಸುವುದು ಇದಕ್ಕೇ.

ಮೌಸ್‌ನ ಸಂಗತಿ ಎರಡನೇ ಹಂತದ್ದು. ವಿಂಡೋಸ್ ಎದ್ದ ಮೇಲೆ ಬಸ್ ಡ್ರೈವರ್‌ಗಳು (ಯುಎಸ್‌ಬಿಯಂಥ ಸಂಪರ್ಕಗಳನ್ನು ನೋಡಿಕೊಳ್ಳುವ ತಂತ್ರಾಂಶಗಳು) ಏನೇನು ಜೋಡಣೆಯಾಗಿದೆ ಎಂದು ಮತ್ತೆ ಎಣಿಸುತ್ತವೆ. ಇಲ್ಲದ ಸಾಧನವನ್ನು ವಿಂಡೋಸ್ ಪಟ್ಟಿಯಿಂದ ತೆಗೆದು, ಹೊಸದಕ್ಕೆ ಡ್ರೈವರ್ ಹಾಕುತ್ತದೆ. ಹೊಸ ಸಾಧನ ಕಾಣಿಸದಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು, ಆ್ಯಕ್ಷನ್ ಮೆನುವಿನಲ್ಲಿ ‘ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್’ ಒತ್ತಿ.

ಈ ಎರಡೂ ಹಂತಗಳ ಕಣ್ತಪ್ಪಿಸುವುದು ಡಿಸ್ಕ್‌ನ ಒಳಗಿನ ಬದಲಾವಣೆ, ನಿಜವಾದ ಅಪಾಯವೂ ಅದೇ. ಹೈಬರ್ನೇಟ್ ಆದ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿ ಫೈಲ್ ಬರೆದರೆ, ಮರಳಿ ಎದ್ದ ವಿಂಡೋಸ್ ತನ್ನ ನೆನಪಿನಲ್ಲಿರುವ ಹಳೆಯ ಫೈಲ್ ಪಟ್ಟಿಯನ್ನೇ ನಂಬಿ ಮೇಲೆ ಬರೆದು ಫೈಲ್ ವ್ಯವಸ್ಥೆಯನ್ನೇ ಕೆಡಿಸಬಹುದು. ಅದೇ ಯಂತ್ರದಲ್ಲಿ ಲಿನಕ್ಸ್ ಬೂಟ್ ಮಾಡಿ ವಿಂಡೋಸ್ ವಿಭಾಗಕ್ಕೆ ಬರೆದರೂ ಇದೇ ಗತಿ. ಆ ವಿಭಾಗವನ್ನು ಓದಲು ಮಾತ್ರ ಬಿಡುತ್ತೇನೆಂದು ಲಿನಕ್ಸ್ ಹೇಳಿದರೆ ಬಲವಂತ ಮಾಡಬೇಡಿ.

ಪ್ರಶ್ನೆ: ಹಾಗಾದರೆ ಶಟ್‌ಡೌನ್ ಮಾಡಿ ರ‍್ಯಾಮ್ ಹಾಕಿದರೆ ಸಾಕಲ್ಲವೇ?

ಉತ್ತರ: ಸಾಲದು! ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಇದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ವಿಂಡೋಸ್‌ನ ತಿರುಳಾದ ಕರ್ನೆಲ್ ಮಾತ್ರ ಹೈಬರ್ನೇಟ್ ಆಗುತ್ತದೆ. ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿ, ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ, ಆಮೇಲೆ ರ‍್ಯಾಮ್ ಮುಟ್ಟಿ. ಪೂರ್ತಿ ಬೂಟ್ ಆಯಿತೇ ಎಂದು ನೋಡಲು ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ‘ಕರ್ನೆಲ್-ಬೂಟ್’ ಮೂಲದ 27ನೇ ಇವೆಂಟ್ ಹುಡುಕಿ. ಅಲ್ಲಿ ಬೂಟ್ ಬಗೆಯ ಕೊನೆಯ ಅಂಕಿ 0 ಇದ್ದರೆ ಪೂರ್ತಿ ಬೂಟ್, 1 ಇದ್ದರೆ ಫಾಸ್ಟ್ ಸ್ಟಾರ್ಟಪ್, 2 ಇದ್ದರೆ ಹೈಬರ್ನೇಟ್‌ನಿಂದ ಎದ್ದದ್ದು.